ಮೊಳಕೆ ಕಾಳಿನ ಗಂಟು ಬೆಚ್ಚಗಿರುವುದು ಯಾಕೆ? ಗಿಡವೂ ನಾವೂ ಶಕ್ತಿ ಪಡೆಯುವ ಬಗೆ

ಹೆಸರುಕಾಳು ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟಿರುತ್ತೀರಿ. ಮಾರನೇ ದಿನ ಗಂಟು ಬಿಚ್ಚುವಾಗ ಕಾಳಿನ ನಡುವೆ ಬೆರಳು ತೂರಿಸಿ ನೋಡಿ. ಬೆಚ್ಚಗಿರುತ್ತದೆ. ಒಂದು ಹಿಡಿ ಕಾಳಾದರೆ ಅಷ್ಟು ಗೊತ್ತಾಗುವುದಿಲ್ಲ. ಹಬ್ಬದ ಊಟಕ್ಕೆ ಅಂತ ಎರಡು ಮೂರು ಕೆಜಿ ಕಟ್ಟಿದ್ದರೆ ಚೆನ್ನಾಗಿಯೇ ಗೊತ್ತಾಗುತ್ತದೆ. ಒಲೆ ಪಕ್ಕ ಇಟ್ಟಿಲ್ಲ, ಬಿಸಿಲಲ್ಲಿ ಇಟ್ಟಿಲ್ಲ. ಮತ್ತೆ ಆ ಬಿಸಿ ಎಲ್ಲಿಂದ ಬಂತು?

ಕಾಳು ಉಸಿರಾಡಿದ್ದರಿಂದ ಬಂತು. ನಮ್ಮ ಅಂಗೈ ಬೆಚ್ಚಗಿರುವುದಕ್ಕೂ ಆ ಗಂಟು ಬೆಚ್ಚಗಿರುವುದಕ್ಕೂ ಕಾರಣ ಒಂದೇ.

ಇದನ್ನು ಈಗ ಬರೆಯಲು ಒಂದು ನೆಪ ಇದೆ. ಮನೆಯೊಳಗೆ ಕುಂಡದ ಗಿಡ ಇಡುವವರು ಜಾಸ್ತಿ ಆಗಿದ್ದಾರೆ. ನರ್ಸರಿಗೆ ಹೋದರೆ "ಇದು ರಾತ್ರಿನೂ ಆಕ್ಸಿಜನ್ ಕೊಡುತ್ತೆ, ಮಲಗೋ ಕೋಣೆಗೆ ಒಳ್ಳೇದು" ಅಂತ ಹೇಳಿ ಒಂದು ಗಿಡ ಕೊಡುತ್ತಾರೆ. ಅದನ್ನು ಮನೆಗೆ ತಂದರೆ "ರಾತ್ರಿ ಗಿಡದ ಹತ್ತಿರ ಮಲಗಬೇಡ, ಕೆಟ್ಟ ಗಾಳಿ ಬಿಡುತ್ತೆ" ಅಂತ ಹಿರಿಯರು ಹೇಳುತ್ತಾರೆ. ಹುಣಸೆ ಮರದ ಕೆಳಗೆ ರಾತ್ರಿ ಮಲಗಬಾರದು ಅನ್ನುವ ಹಳೇ ಮಾತಂತೂ ಎಲ್ಲರಿಗೂ ಗೊತ್ತು. ಯಾರ ಮಾತು ಸರಿ ಅಂತ ತಿಳಿಯಬೇಕಾದರೆ ಜೀವಕೋಶದ ಒಳಗೆ ಇಣುಕಬೇಕು.

## ನೋಟಿದ್ದರೂ ಚಿಲ್ಲರೆ ಬೇಕು

ಜೀವಕೋಶ ಅಂದರೆ ಜೀವಿಯ ಇಟ್ಟಿಗೆ. ದೊಡ್ಡವರ ಮೈಯಲ್ಲಿ ಸುಮಾರು 30 ಲಕ್ಷ ಕೋಟಿ ಕೋಶಗಳಿವೆ. ಆದರೆ ಇಟ್ಟಿಗೆ ಸುಮ್ನೆ ಕೂತಿರುತ್ತದೆ, ಕೋಶ ಕೂರುವುದಿಲ್ಲ. ಉಪ್ಪನ್ನು ಹೊರಗೆ ದೂಡುತ್ತದೆ, ಪ್ರೋಟೀನು ಕಟ್ಟುತ್ತದೆ, ಸ್ನಾಯುವಿನಲ್ಲಿದ್ದರೆ ಎಳೆಯುತ್ತದೆ, ಮಿದುಳಿನಲ್ಲಿದ್ದರೆ ಸುದ್ದಿ ಮುಟ್ಟಿಸುತ್ತದೆ. ಈ ಪ್ರತಿಯೊಂದು ಕೆಲಸಕ್ಕೂ ಶಕ್ತಿ ಬೇಕು. ನಾವು ಮಲಗಿದ್ದಾಗಲೂ ಈ ಖರ್ಚು ನಿಲ್ಲುವುದಿಲ್ಲ.

ಶಕ್ತಿ ಅನ್ನದಲ್ಲಿದೆ, ಮುದ್ದೆಯಲ್ಲಿದೆ, ಬೆಲ್ಲದಲ್ಲಿದೆ ಅಂತ ನಾವು ಹೇಳುತ್ತೇವೆ. ನಿಜವೇ. ಆದರೆ ಕೋಶ ಅನ್ನವನ್ನು ಹಾಗೇ ಬಳಸಲಾರದು. ಅಡಿಕೆ ಬೆಳೆಗಾರನ ಮನೆಯಲ್ಲಿ ಅಡಿಕೆ ಮೂಟೆ ಇರುತ್ತದೆ. ಅದು ಆಸ್ತಿಯೇ, ಆದರೆ ಮೂಟೆ ಹೊತ್ತುಕೊಂಡು ಬಸ್ ಹತ್ತಿ ಕಂಡಕ್ಟರಿಗೆ ಕೊಡಲಾಗುತ್ತದಾ? ಮಂಡಿಯಲ್ಲಿ ಮಾರಿದರೆ ಐನೂರರ ನೋಟು ಬರುತ್ತದೆ. ಕಂಡಕ್ಟರ್ ಅದಕ್ಕೂ ಮುಖ ಸಿಂಡರಿಸಿ ಚಿಲ್ಲರೆ ಕೊಡಿ ಅನ್ನುತ್ತಾನೆ. ಮೈಯೊಳಗಿನ ಲೆಕ್ಕವೂ ಹೀಗೇ. ಕೊಬ್ಬು, ಪಿಷ್ಟ ಎಲ್ಲ ಮೂಟೆ. ಗ್ಲೂಕೋಸ್ ಅನ್ನುವ ಸಕ್ಕರೆ ಐನೂರರ ನೋಟು. ಚಿಲ್ಲರೆಯ ಹೆಸರು ಎಟಿಪಿ.

ಎಟಿಪಿ ಒಂದು ಚಿಕ್ಕ ಅಣು. ಅದರ ಬಾಲದಲ್ಲಿ ಮೂರು ಫಾಸ್ಫೇಟ್ ಗುಂಪುಗಳು ಸಾಲಾಗಿ ಕೂತಿರುತ್ತವೆ. ಮೂರಕ್ಕೂ ಒಂದೇ ಬಗೆಯ ವಿದ್ಯುತ್ ಇರುವುದರಿಂದ ಒಂದನ್ನೊಂದು ದೂಡುತ್ತಲೇ ಇರುತ್ತವೆ, ತುಂಬಿದ ಬಸ್ಸಿನ ಸೀಟಲ್ಲಿ ಮೂವರು ಒತ್ತಿಕೊಂಡು ಕೂತ ಹಾಗೆ. ನೀರಿನ ಜೊತೆ ಸೇರಿ ಕೊನೆಯದು ಕಳಚಿಕೊಂಡಾಗ ಶಕ್ತಿ ಹೊರಬರುತ್ತದೆ. ಆ ಶಕ್ತಿಯಲ್ಲಿ ಒಂದು ಸಣ್ಣ ಕೆಲಸ ಆಗುತ್ತದೆ. ಉಳಿದದ್ದು ಎರಡು ಫಾಸ್ಫೇಟಿನ ಎಡಿಪಿ. ಅದನ್ನು ಬಿಸಾಡುವುದಿಲ್ಲ. ಮತ್ತೆ ಮೂರನೆಯ ಫಾಸ್ಫೇಟ್ ಅಂಟಿಸಿದರೆ ಪುನಃ ಎಟಿಪಿ. ಮೊಬೈಲ್ ಚಾರ್ಜ್ ಮಾಡಿದ ಹಾಗೆ.

ಇದು ಕಂಡುಬಂದದ್ದು 1929ರಲ್ಲಿ. ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕಂಡುಹಿಡಿದರು. ಅದೇ ಹೊತ್ತಿಗೆ ಅಮೆರಿಕದ ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕ್ ಮತ್ತು ಯಲ್ಲಾಪ್ರಗಡ ಸುಬ್ಬರಾವ್ ಕೂಡ ಕಂಡುಹಿಡಿದರು. ಸುಬ್ಬರಾವ್ ನಮ್ಮ ಪಕ್ಕದ ಆಂಧ್ರದ ಭೀಮಾವರಂನವರು, ಮದ್ರಾಸಿನಲ್ಲಿ ವೈದ್ಯಕೀಯ ಓದಿ ಹೋದವರು. ಅವರ ಹೆಸರು ಇನ್ನೂ ಎಷ್ಟೋ ಜಾಸ್ತಿ ಜನರಿಗೆ ಗೊತ್ತಿರಬೇಕಿತ್ತು ಅಂತ ನನಗೆ ಅನಿಸುತ್ತದೆ.

ಒಂದು ಲೆಕ್ಕ ಕೇಳಿ. ನಮ್ಮ ಮೈಯಲ್ಲಿ ಯಾವುದೇ ಹೊತ್ತಿನಲ್ಲಿ ಇರುವ ಎಟಿಪಿ ಗ್ರಾಮುಗಳ ಲೆಕ್ಕದಲ್ಲಿ ಮಾತ್ರ. ಆದರೆ ಇಡೀ ದಿನದಲ್ಲಿ ನಾವು ಖರ್ಚು ಮಾಡುವ ಎಟಿಪಿಯನ್ನು ಕೂಡಿದರೆ ಹೆಚ್ಚುಕಡಿಮೆ ನಮ್ಮ ತೂಕದಷ್ಟು ಆಗುತ್ತದೆ! ಅಂದರೆ ಒಂದೇ ಅಣು ದಿನಕ್ಕೆ ನೂರಾರು ಸಲ ಖರ್ಚಾಗಿ, ನೂರಾರು ಸಲ ಚಾರ್ಜ್ ಆಗುತ್ತದೆ. ಕೂಡಿಡುವ ಮಾತೇ ಇಲ್ಲ. ಕೂಡಿಡುವುದಕ್ಕೆ ಪಿಷ್ಟ, ಕೊಬ್ಬು ಇವೆ.

ಹಾಗಾದರೆ ಪ್ರಶ್ನೆ ಎರಡೇ. ನೋಟು ಮೊದಲು ಎಲ್ಲಿಂದ ಬಂತು? ನೋಟು ಮುರಿದು ಚಿಲ್ಲರೆ ಮಾಡುವವರು ಯಾರು?

## ಎಲೆಯೊಳಗೆ ಏನು ನಡೆಯುತ್ತದೆ

ನೋಟು ಬರುವುದು ಎಲೆಯಿಂದ. ಎಲೆಯ ಕೋಶದಲ್ಲಿ ಹಸಿರು ಕಾಳಿನಂಥ ಪುಟ್ಟ ಅಂಗಗಳಿವೆ. ಅವುಗಳ ಹೆಸರು ಕ್ಲೋರೋಪ್ಲಾಸ್ಟ್. ಒಳಗೆ ತೆಳು ಪೊರೆಯ ಚೀಲಗಳು ಜೋಳದ ರೊಟ್ಟಿ ಪೇರಿಸಿಟ್ಟ ಹಾಗೆ ಒಂದರ ಮೇಲೊಂದು ಇರುತ್ತವೆ. ಆ ಪೊರೆಯಲ್ಲಿ ಪತ್ರಹರಿತ್ತು ಇದೆ. ಅದು ಬಿಸಿಲಿನ ಕೆಂಪು, ನೀಲಿ ಬೆಳಕನ್ನು ಜಾಸ್ತಿ ಹೀರುತ್ತದೆ. ಹಸಿರನ್ನು ಅಷ್ಟಾಗಿ ಹೀರುವುದಿಲ್ಲ. ಹೀರದೆ ಬಿಟ್ಟ ಹಸಿರೇ ನಮ್ಮ ಕಣ್ಣಿಗೆ ಬೀಳುತ್ತದೆ.

ಹೀರಿದ ಬೆಳಕಿನ ಶಕ್ತಿಯಿಂದ ಎಲೆ ಮೊದಲು ನೀರನ್ನು ಒಡೆಯುತ್ತದೆ. ಬೇರು ಹೀರಿ ಕಳಿಸಿದ ನೀರು. ಅದು ಒಡೆದಾಗ ಹೈಡ್ರೋಜನ್ನಿನ ಭಾಗಗಳು ಕೆಲಸಕ್ಕೆ ಹೋಗುತ್ತವೆ, ಆಕ್ಸಿಜನ್ ಬೇಡವಾಗಿ ಹೊರಗೆ ಹೋಗುತ್ತದೆ. ನಾವು ಉಸಿರಾಡುವ ಆಕ್ಸಿಜನ್ ಇದೇ. ಅದು ಇಂಗಾಲದ ಡೈ ಆಕ್ಸೈಡಿನಿಂದ ಬರುತ್ತದೆ ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ, ಬರುವುದು ನೀರಿನಿಂದ. 1941ರಲ್ಲಿ ಸ್ಯಾಮ್ ರೂಬೆನ್, ಮಾರ್ಟಿನ್ ಕೇಮನ್ ಮತ್ತು ಜೊತೆಗಾರರು ಮಾಮೂಲಿಗಿಂತ ಭಾರದ ಆಕ್ಸಿಜನ್ ಇರುವ ನೀರು ಕೊಟ್ಟು, ಹೊರಬರುವುದು ಅದೇ ಆಕ್ಸಿಜನ್ ಅಂತ ತೋರಿಸಿದರು.

ಇದರ ಜೊತೆಗೇ ಎಟಿಪಿಯೂ ತಯಾರಾಗುತ್ತದೆ. ಆ ಎಟಿಪಿ ಬಳಸಿ, ನೀರಿನಿಂದ ಬಂದ ಹೈಡ್ರೋಜನ್ನನ್ನೂ ಗಾಳಿಯ ಇಂಗಾಲದ ಡೈ ಆಕ್ಸೈಡನ್ನೂ ಕೂಡಿಸಿ ಎಲೆ ಸಕ್ಕರೆ ಕಟ್ಟುತ್ತದೆ. ಸಕ್ಕರೆ ಕಟ್ಟುವ ಈ ಹೆಜ್ಜೆಗಳನ್ನು ಹುಡುಕಿದ್ದಕ್ಕೆ ಮೆಲ್ವಿನ್ ಕ್ಯಾಲ್ವಿನ್ ಅವರಿಗೆ 1961ರಲ್ಲಿ ನೊಬೆಲ್ ಬಂತು. ಬೆಳಕು ಹಿಡಿಯುವುದರಿಂದ ಸಕ್ಕರೆ ಕಟ್ಟುವವರೆಗಿನ ಇಡೀ ಕೆಲಸವೇ ದ್ಯುತಿಸಂಶ್ಲೇಷಣೆ.

ಇಲ್ಲಿ ಒಂದು ಅನುಮಾನ ಬರಬೇಕು. ಎಲೆಯಲ್ಲೇ ಎಟಿಪಿ ಆಗುತ್ತದೆ ಅಂದಮೇಲೆ ಸಕ್ಕರೆ ಕಟ್ಟುವ ತಾಪತ್ರಯ ಯಾಕೆ? ಚಿಲ್ಲರೆಯನ್ನು ಊರಿಂದೂರಿಗೆ ಮೂಟೆಯಲ್ಲಿ ಹೊರಲಾಗುವುದಿಲ್ಲ, ಅದಕ್ಕೆ. ಎಟಿಪಿ ಆದ ಕೋಶದಲ್ಲೇ ಖರ್ಚಾಗಬೇಕು. ಆದರೆ ಬೇರಿಗೂ ಊಟ ಬೇಕು. ರಾತ್ರಿಗೂ ಬೇಕು. ನಾಳೆಯ ಬೀಜಕ್ಕೂ ಬೇಕು. ಸಕ್ಕರೆಯಾದರೆ ರಸದ ಜೊತೆ ಬೇರಿನ ತುದಿವರೆಗೂ ಇಳಿಯುತ್ತದೆ. ಪಿಷ್ಟವಾದರೆ ಗೆಣಸಿನಲ್ಲಿ, ಭತ್ತದ ಕಾಳಿನಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ.

## ರಾಗಿಯ ಉಪಾಯ

ಗಾಳಿಯಿಂದ ಇಂಗಾಲದ ಡೈ ಆಕ್ಸೈಡ್ ಹಿಡಿಯುವ ಕಿಣ್ವದ ಹೆಸರು ರುಬಿಸ್ಕೊ. ಕಿಣ್ವ ಅಂದರೆ ರಾಸಾಯನಿಕ ಕೆಲಸವನ್ನು ಬೇಗ ಮಾಡಿಸುವ ಪ್ರೋಟೀನ್. ಆದರೆ ರುಬಿಸ್ಕೊ ತುಂಬ ನಿಧಾನಿ. ಒಂದು ಸೆಕೆಂಡಿಗೆ ಕೆಲವೇ ಅಣು ಹಿಡಿಯುತ್ತದೆ. ಅದಕ್ಕೇ ಎಲೆಗಳು ಅದನ್ನು ರಾಶಿ ರಾಶಿ ಇಟ್ಟುಕೊಂಡಿರುತ್ತವೆ. ಇನ್ನೊಂದು ತೊಂದರೆ, ಅದು ಆಗಾಗ ಇಂಗಾಲದ ಡೈ ಆಕ್ಸೈಡ್ ಬದಲು ಆಕ್ಸಿಜನ್ ಹಿಡಿದುಬಿಡುತ್ತದೆ. ಆ ತಪ್ಪು ಸರಿಮಾಡಲು ಗಿಡ ಶಕ್ತಿ ಕಳೆದುಕೊಳ್ಳುತ್ತದೆ. ಬಿಸಿಲು ಏರಿದಷ್ಟೂ ತಪ್ಪು ಜಾಸ್ತಿ. ಭತ್ತ, ಗೋಧಿ ಈ ನಷ್ಟವನ್ನು ಸಹಿಸಿಕೊಂಡೇ ಬೆಳೆಯುತ್ತವೆ.

ರಾಗಿ, ಜೋಳ, ಮುಸುಕಿನ ಜೋಳ, ಕಬ್ಬು ಬೇರೆ ದಾರಿ ಹಿಡಿದಿವೆ. ಇವುಗಳ ಎಲೆಯಲ್ಲಿ ಹೊರಸುತ್ತಿನ ಕೋಶಗಳು ಇಂಗಾಲದ ಡೈ ಆಕ್ಸೈಡನ್ನು ಬೇರೊಂದು ಕಿಣ್ವದಿಂದ ಹಿಡಿಯುತ್ತವೆ. ಈ ಕಿಣ್ವ ಆಕ್ಸಿಜನ್ನಿಗೆ ಮೋಸ ಹೋಗುವುದಿಲ್ಲ. ಹಿಡಿದದ್ದನ್ನು ಒಳಸುತ್ತಿನ ಕೋಶಗಳಿಗೆ ಸಾಗಿಸಿ, ಅಲ್ಲಿ ಬಿಡಿಸುತ್ತವೆ. ಅಲ್ಲಿ ಇಂಗಾಲದ ಡೈ ಆಕ್ಸೈಡ್ ಎಷ್ಟು ಕಿಕ್ಕಿರಿದಿರುತ್ತದೆ ಅಂದರೆ ರುಬಿಸ್ಕೊ ಎಡವುವುದೇ ಅಪರೂಪ. ಇದನ್ನು ಸಿ-4 ವಿಧಾನ ಅನ್ನುತ್ತಾರೆ. 1966ರಲ್ಲಿ ಆಸ್ಟ್ರೇಲಿಯಾದಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಕಬ್ಬಿನ ಎಲೆಯಲ್ಲಿ ಇದನ್ನು ಬಿಡಿಸಿ ತೋರಿಸಿದರು.

ಇದರ ಲಾಭ ರೈತನಿಗೆ ಕಣ್ಣಿಗೆ ಕಾಣುತ್ತದೆ. ಎಲೆಯಲ್ಲಿ ಗಾಳಿ ಒಳಗೆ ಬರುವ ರಂಧ್ರಗಳಿಂದಲೇ ನೀರು ಹೊರಗೆ ಆವಿಯಾಗುವುದು. ಸ್ವಲ್ಪ ಗಾಳಿಯಲ್ಲೇ ಸಾಕಷ್ಟು ಇಂಗಾಲ ಸಿಗುವುದಾದರೆ ರಂಧ್ರವನ್ನು ಕಿರಿದಾಗಿ ಇಟ್ಟುಕೊಳ್ಳಬಹುದು. ನೀರು ಉಳಿಯುತ್ತದೆ. ಕೋಲಾರ, ತುಮಕೂರಿನ ಒಣ ಹೊಲದಲ್ಲಿ ರಾಗಿ, ವಿಜಯಪುರದ ಬಿಸಿಲಲ್ಲಿ ಜೋಳ ಬರುವುದಕ್ಕೆ ಬೇರೆ ಕಾರಣಗಳೂ ಇವೆ, ಆದರೆ ಇದು ದೊಡ್ಡ ಕಾರಣ.

## ಜೋಗದಲ್ಲಿ ಬೀಳುವ ನೀರು, ಟರ್ಬೈನಿಗೆ ಹೋಗುವ ನೀರು

ಈಗ ಎರಡನೇ ಪ್ರಶ್ನೆ. ಸಕ್ಕರೆಯಿಂದ ಎಟಿಪಿ ಮಾಡುವುದು ಹೇಗೆ?

ಸಕ್ಕರೆಯನ್ನು ಬೆಂಕಿಗೆ ಹಾಕಿದರೆ ಉರಿಯುತ್ತದೆ. ಆಕ್ಸಿಜನ್ ಜೊತೆ ಸೇರಿ ಇಂಗಾಲದ ಡೈ ಆಕ್ಸೈಡ್, ನೀರು ಆಗುತ್ತದೆ. ಶಕ್ತಿಯೆಲ್ಲ ಒಂದೇ ಸಲಕ್ಕೆ ಬಿಸಿಯಾಗಿ ಹೋಗುತ್ತದೆ. ಕೋಶದಲ್ಲೂ ಶುರು ಮತ್ತು ಕೊನೆ ಇವೇ. ವ್ಯತ್ಯಾಸ ಇರುವುದು ನಡುವಿನ ದಾರಿಯಲ್ಲಿ. ಶರಾವತಿ ನೀರು ಜೋಗದಲ್ಲಿ 253 ಮೀಟರ್ ಮೇಲಿಂದ ಬಿದ್ದರೆ ಸದ್ದು, ಮಂಜು, ಕಣ್ಣಿಗೆ ಹಬ್ಬ. ಅದೇ ನದಿಯ ನೀರು ಕೊಳವೆಯಲ್ಲಿ ಇಳಿದು ಟರ್ಬೈನ್ ತಿರುಗಿಸಿದರೆ ಕರೆಂಟು. ಕೋಶ ಮಾಡುವುದು ಎರಡನೆಯದನ್ನು. ಈ ಹೋಲಿಕೆಯನ್ನು ಸುಮ್ನೆ ಚಂದಕ್ಕೆ ಹೇಳುತ್ತಿಲ್ಲ. ಕೋಶದೊಳಗೆ ನಿಜವಾಗಿಯೂ ಒಂದು ಟರ್ಬೈನ್ ಇದೆ. ನಿಜವಾಗಿಯೂ ಅದು ತಿರುಗುತ್ತದೆ.

ಮೊದಲ ಹೆಜ್ಜೆ ಕೋಶದ ರಸದಲ್ಲೇ ನಡೆಯುತ್ತದೆ. ಗ್ಲೂಕೋಸ್ ಎರಡು ತುಂಡಾಗುತ್ತದೆ. ಸಿಗುವ ಲಾಭ ಬರೀ 2 ಎಟಿಪಿ. ಆಕ್ಸಿಜನ್ ಬೇಕಿಲ್ಲ.

ಆ ತುಂಡುಗಳು ಮೈಟೋಕಾಂಡ್ರಿಯಾ ಅನ್ನುವ ಅಂಗದೊಳಗೆ ಹೋಗುತ್ತವೆ. ಅಗಲ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು. ಅಲ್ಲಿ ತುಂಡುಗಳಿಂದ ಇಂಗಾಲ ಕಳಚಿಕೊಂಡು ಇಂಗಾಲದ ಡೈ ಆಕ್ಸೈಡ್ ಆಗುತ್ತದೆ. ನಾವು ಹೊರಬಿಡುವ ಉಸಿರಿನಲ್ಲಿ ಇರುವುದು ಇದೇ. ಹಂಸ್ ಕ್ರೆಬ್ಸ್ 1937ರಲ್ಲಿ ಕಂಡುಹಿಡಿದ ಚಕ್ರದಲ್ಲಿ ಈ ಕೆಲಸದ ಬಹುಪಾಲು ನಡೆಯುತ್ತದೆ. ಇಂಗಾಲ ಹೋದಮೇಲೆ ಕೈಯಲ್ಲಿ ಉಳಿಯುವುದು ಶಕ್ತಿ ತುಂಬಿದ ಎಲೆಕ್ಟ್ರಾನುಗಳು.

ಮೈಟೋಕಾಂಡ್ರಿಯಾದ ಒಳಪೊರೆಯಲ್ಲಿ ಪ್ರೋಟೀನುಗಳ ಒಂದು ಸಾಲಿದೆ. ಎಲೆಕ್ಟ್ರಾನುಗಳು ಮೆಟ್ಟಿಲಿಳಿದ ಹಾಗೆ ಒಂದರಿಂದ ಇನ್ನೊಂದಕ್ಕೆ ಇಳಿಯುತ್ತವೆ. ಇಳಿಯುವಾಗ ಬಿಡುವ ಶಕ್ತಿಯಿಂದ ಆ ಪ್ರೋಟೀನುಗಳು ಪ್ರೋಟಾನ್ ಅನ್ನುವ ಕಣಗಳನ್ನು ಪೊರೆಯ ಆಚೆಗೆ ಪಂಪ್ ಮಾಡುತ್ತವೆ. ಆಚೆ ಬದಿಯಲ್ಲಿ ಪ್ರೋಟಾನುಗಳು ತುಂಬಿಕೊಳ್ಳುತ್ತವೆ, ಅಣೆಕಟ್ಟಿನ ಹಿಂದೆ ನೀರು ನಿಂತ ಹಾಗೆ. ಅವಕ್ಕೆ ವಾಪಸ್ ಬರುವ ಮುಖ್ಯ ದಾರಿ ಎಟಿಪಿ ಸಿಂಥೇಸ್ ಅನ್ನುವ ಯಂತ್ರದ ಮೂಲಕ. ಪ್ರೋಟಾನುಗಳು ನುಗ್ಗಿದಾಗ ಅದರ ಅಚ್ಚು ಗರಗರ ತಿರುಗುತ್ತದೆ, ಸೆಕೆಂಡಿಗೆ ನೂರಕ್ಕೂ ಜಾಸ್ತಿ ಸುತ್ತು ತಿರುಗಬಲ್ಲದು. ಪ್ರತಿ ಸುತ್ತಿಗೆ ಮೂರು ಎಡಿಪಿ ಚಾರ್ಜ್ ಆಗಿ ಮೂರು ಎಟಿಪಿ.

ಪೀಟರ್ ಮಿಚೆಲ್ 1961ರಲ್ಲಿ ಅಣೆಕಟ್ಟಿನಂಥ ಈ ವಿಚಾರ ಮುಂದಿಟ್ಟಾಗ ಬಹಳ ಜನ ವಿಜ್ಞಾನಿಗಳು ಒಪ್ಪಲಿಲ್ಲ. 1978ರಲ್ಲಿ ಅದಕ್ಕೇ ನೊಬೆಲ್ ಬಂತು. ಎಲೆಯ ಕ್ಲೋರೋಪ್ಲಾಸ್ಟಿನಲ್ಲಿ ಎಟಿಪಿ ಮಾಡುವುದೂ ಇದೇ ಬಗೆಯ ಟರ್ಬೈನು. ಅಲ್ಲಿ ಪಂಪ್ ಓಡಿಸುವುದು ಬಿಸಿಲು, ಇಲ್ಲಿ ಊಟ. ಅಷ್ಟೇ ವ್ಯತ್ಯಾಸ.

ಎಲ್ಲ ಸೇರಿ ಒಂದು ಗ್ಲೂಕೋಸಿನಿಂದ ಸುಮಾರು 30ರಿಂದ 32 ಎಟಿಪಿ ಸಿಗುತ್ತದೆ. ಆದರೂ ಸಕ್ಕರೆಯ ಶಕ್ತಿಯಲ್ಲಿ ದೊಡ್ಡ ಪಾಲು ಎಟಿಪಿಗೆ ಸಿಗದೆ ಬಿಸಿಯಾಗಿ ಸೋರುತ್ತದೆ. ಮೊಳಕೆ ಗಂಟಿನಲ್ಲಿ ನಿಮ್ಮ ಬೆರಳಿಗೆ ತಾಗಿದ್ದು ಅದೇ. ನಮ್ಮ ಮೈ 37 ಡಿಗ್ರಿಯಲ್ಲಿ ಇರುವುದೂ ಅದರಿಂದಲೇ. ಎಳೆಗೂಸುಗಳ ಬೆನ್ನು, ಕುತ್ತಿಗೆಯ ಬಳಿ ಕಂದು ಬಣ್ಣದ ಒಂದು ಬಗೆಯ ಕೊಬ್ಬು ಇರುತ್ತದೆ. ಅಲ್ಲಿ ಪ್ರೋಟಾನುಗಳಿಗೆ ಟರ್ಬೈನ್ ಬಿಟ್ಟು ಬೇರೆ ತೂಬು ತೆರೆದುಕೊಳ್ಳುತ್ತದೆ. ಎಟಿಪಿ ಆಗುವುದಿಲ್ಲ, ಬರೀ ಬಿಸಿ ಬರುತ್ತದೆ. ನಡುಗಿ ಮೈ ಬಿಸಿ ಮಾಡಿಕೊಳ್ಳಲು ಇನ್ನೂ ಬಾರದ ಕೂಸಿಗೆ ಅದೇ ಕಂಬಳಿ.

## ಉಸಿರು ಯಾಕೆ ಬೇಕು, ಸಾಲದಾದರೆ ಏನು

ಮೆಟ್ಟಿಲಿಳಿದು ಬಂದ ಎಲೆಕ್ಟ್ರಾನುಗಳನ್ನು ಕೊನೆಯಲ್ಲಿ ಯಾರಾದರೂ ಎತ್ತಿಕೊಂಡು ಹೋಗಬೇಕು. ಆ ಕೆಲಸ ಆಕ್ಸಿಜನ್ನಿನದು. ಅದು ಎಲೆಕ್ಟ್ರಾನು, ಪ್ರೋಟಾನುಗಳನ್ನು ಸೇರಿಸಿಕೊಂಡು ನೀರಾಗುತ್ತದೆ. ನಾವು ಉಸಿರಾಡುವುದು ಮುಖ್ಯವಾಗಿ ಇದಕ್ಕೆ. ಆಕ್ಸಿಜನ್ ಇಲ್ಲದಿದ್ದರೆ ಸಾಲು ಮೇಲಿನವರೆಗೂ ಕಟ್ಟಿಕೊಳ್ಳುತ್ತದೆ, ಪಂಪ್ ನಿಲ್ಲುತ್ತದೆ, ಟರ್ಬೈನ್ ನಿಲ್ಲುತ್ತದೆ. ಸಯನೈಡ್ ಕೊಲ್ಲುವುದೂ ಹೀಗೇ. ರಕ್ತದಲ್ಲಿ ಆಕ್ಸಿಜನ್ ಇದ್ದರೂ ಈ ಕೊನೆಯ ಮೆಟ್ಟಿಲನ್ನು ಅದು ಮುಚ್ಚಿಬಿಡುತ್ತದೆ. ಮೈತೂಕದ ಶೇಕಡಾ 2ರಷ್ಟೇ ಇರುವ ಮಿದುಳು ನಮ್ಮ ಶಕ್ತಿಯ ಸುಮಾರು ಶೇಕಡಾ 20ನ್ನು ಬಳಸುತ್ತದೆ. ಅದಕ್ಕೇ ಉಸಿರು ನಿಂತರೆ ಮೊದಲು ಪೆಟ್ಟು ತಿನ್ನುವುದು ಮಿದುಳು.

ಆದರೆ ಆಕ್ಸಿಜನ್ ಬರುವವರೆಗೆ ಕಾಯಲಾಗದ ಹೊತ್ತೂ ಇರುತ್ತದೆ. ಕರಾವಳಿಯ ಕಂಬಳದಲ್ಲಿ ಕೋಣಗಳ ಹಿಂದೆ ಓಡುವವರನ್ನು ನೋಡಿ. ಕೆಸರುಗದ್ದೆಯ ಇಡೀ ಓಟ ಹದಿಮೂರು ಹದಿನಾಲ್ಕು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಸ್ನಾಯುವಿನಲ್ಲಿ ತಯಾರಾಗಿ ಇರುವ ಎಟಿಪಿ ಎರಡು ಮೂರು ಸೆಕೆಂಡಿಗೆ ಸಾಕು. ಆಮೇಲೆ ಕ್ರಿಯೇಟಿನ್ ಫಾಸ್ಫೇಟ್ ಅನ್ನುವ ಪದಾರ್ಥ ತನ್ನ ಫಾಸ್ಫೇಟನ್ನು ಎಡಿಪಿಗೆ ಕೊಟ್ಟು ಹತ್ತು ಸೆಕೆಂಡಿನಷ್ಟು ದೂಡುತ್ತದೆ. ಇದನ್ನು ಕಂಡುಹಿಡಿದವರಲ್ಲೂ ಫಿಸ್ಕ್ ಮತ್ತು ಸುಬ್ಬರಾವ್ ಇದ್ದಾರೆ, 1927ರಲ್ಲಿ. ಅಷ್ಟರಲ್ಲಿ ಗ್ಲೂಕೋಸನ್ನು ಆಕ್ಸಿಜನ್ ಇಲ್ಲದೆ ತುಂಡು ಮಾಡುವ ಮೊದಲ ಹೆಜ್ಜೆಯೂ ಜೋರಾಗಿರುತ್ತದೆ. ಅದರಿಂದ ಲ್ಯಾಕ್ಟೇಟ್ ಹುಟ್ಟುತ್ತದೆ. ಓಟ ಮುಗಿದ ಮೇಲೆ ಏದುಸಿರು ಬಿಡುವುದು ಆಕ್ಸಿಜನ್ನಿಗೆ ಕಾಯದೆ ಮಾಡಿದ ಈ ಖರ್ಚಿನ ಸಾಲ ತೀರಿಸಲು.

ಇಂಥ ಒಂದೆರಡು ಎಟಿಪಿಯ ಲಾಭದಲ್ಲೇ ಇಡೀ ಜೀವನ ಕಳೆಯುವ ಜೀವಿಗಳೂ ಇವೆ. ದೋಸೆ ಹಿಟ್ಟು ಹುಳಿ ಬಂದು ಉಬ್ಬುವುದು ಅಂಥ ಬ್ಯಾಕ್ಟೀರಿಯಾಗಳಿಂದ. ಅವು ಸಕ್ಕರೆ ಮುರಿದು ಬಿಡುವ ಆಮ್ಲವೇ ಹುಳಿ, ಅನಿಲವೇ ಉಬ್ಬು.

## ಗಿಡಕ್ಕೂ ಮೈಟೋಕಾಂಡ್ರಿಯಾ ಇದೆ

ಗಿಡಕ್ಕೆ ಕ್ಲೋರೋಪ್ಲಾಸ್ಟ್, ಪ್ರಾಣಿಗೆ ಮೈಟೋಕಾಂಡ್ರಿಯಾ ಅಂತ ಎಷ್ಟೋ ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಅರ್ಧ ಮಾತ್ರ ಸರಿ. ಗಿಡಕ್ಕೆ ಎರಡೂ ಇವೆ. ಕ್ಲೋರೋಪ್ಲಾಸ್ಟ್ ಸಕ್ಕರೆ ಮಾಡುತ್ತದೆ, ಆ ಸಕ್ಕರೆಯನ್ನು ಉಣ್ಣಲು ಗಿಡಕ್ಕೂ ಮೈಟೋಕಾಂಡ್ರಿಯಾ ಬೇಕೇ ಬೇಕು. ಹಗಲೂ ರಾತ್ರಿಯೂ ಗಿಡ ಉಸಿರಾಡುತ್ತಲೇ ಇರುತ್ತದೆ. ಹಗಲಲ್ಲಿ ಅದು ಮಾಡುವ ಆಕ್ಸಿಜನ್ ತಾನು ಬಳಸುವುದಕ್ಕಿಂತ ಬಹಳ ಜಾಸ್ತಿ, ಅದಕ್ಕೇ ನಮಗೆ ಈ ಉಸಿರಾಟ ಗೊತ್ತಾಗುವುದಿಲ್ಲ.

ನಾನು ಇದನ್ನು ಒಂದು ಮಲ್ಲಿಗೆ ಗಿಡ ಕಳೆದುಕೊಂಡು ಕಲಿತೆ. ಬೇಸಿಗೆ ಅಂತ ಕುಂಡಕ್ಕೆ ದಿನಾ ಎರಡು ಹೊತ್ತು ನೀರು ಹಾಕುತ್ತಿದ್ದೆ. ಎಲೆ ಹಳದಿಯಾಯಿತು, ಬಾಡಿತು. ಬಾಡಿದೆಯಲ್ಲ ಅಂತ ಇನ್ನೂ ನೀರು ಹಾಕಿದೆ. ಕೊನೆಗೆ ಕಿತ್ತು ನೋಡಿದರೆ ಬೇರೆಲ್ಲ ಕಪ್ಪಗೆ, ಮೆತ್ತಗೆ, ಕೊಳೆತ ವಾಸನೆ. ಬೇರಿಗೆ ಬೆಳಕಿಲ್ಲ, ಕ್ಲೋರೋಪ್ಲಾಸ್ಟ್ ಇಲ್ಲ. ಮೇಲಿಂದ ಬಂದ ಸಕ್ಕರೆ, ಮಣ್ಣಿನ ಸಂದಿಯ ಗಾಳಿ, ಇವೆರಡೇ ಅದರ ಬದುಕು. ಸಂದಿಗಳಲ್ಲೆಲ್ಲ ನೀರು ನಿಂತರೆ ಬೇರು ಉಸಿರುಗಟ್ಟುತ್ತದೆ. ಎಟಿಪಿ ಇಲ್ಲದ ಬೇರು ಸುತ್ತ ನೀರಿದ್ದರೂ ಸರಿಯಾಗಿ ಹೀರಲಾರದು. ಭತ್ತ ನಿಂತ ನೀರಲ್ಲಿ ಬದುಕುವುದು ಅದರ ಕಾಂಡದಿಂದ ಬೇರಿಗೆ ಗಾಳಿಯ ಕೊಳವೆಗಳು ಇರುವುದರಿಂದ.

ಈಗ ಮಲಗುವ ಕೋಣೆಯ ಗಿಡಕ್ಕೆ ಬರೋಣ. ರಾತ್ರಿ ಗಿಡ ಇಂಗಾಲದ ಡೈ ಆಕ್ಸೈಡ್ ಬಿಡುತ್ತದೆ ಅನ್ನುವ ಹಿರಿಯರ ಮಾತು ನಿಜ. ಆದರೆ ಪ್ರಮಾಣ ಬಹಳ ಕಡಿಮೆ. ಒಂದು ಕುಂಡದ ಗಿಡಕ್ಕಿಂತ ಪಕ್ಕದಲ್ಲಿ ಮಲಗಿದ ಮನುಷ್ಯ ಎಷ್ಟೋ ಪಟ್ಟು ಜಾಸ್ತಿ ಬಿಡುತ್ತಾನೆ. ಅವರ ಪಕ್ಕ ಮಲಗಲು ನಾವು ಹೆದರುವುದಿಲ್ಲ, ಅಲ್ವಾ? ಬಯಲಲ್ಲಿರುವ ಹುಣಸೆ ಮರದ ಕೆಳಗಂತೂ ಗಾಳಿ ಆಡುತ್ತಲೇ ಇರುತ್ತದೆ.

ನರ್ಸರಿಯವರ ಮಾತಿಗೂ ಒಂದು ಬೇರು ಇದೆ. ಸ್ನೇಕ್ ಪ್ಲಾಂಟ್, ಕಳ್ಳಿ, ಅನಾನಸ್ ಇಂಥ ಗಿಡಗಳು ನೀರು ಉಳಿಸಲು ಹಗಲಲ್ಲಿ ಎಲೆಯ ರಂಧ್ರ ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ. ರಾತ್ರಿಯೇ ಇಂಗಾಲದ ಡೈ ಆಕ್ಸೈಡ್ ಹಿಡಿದು ಆಮ್ಲದ ರೂಪದಲ್ಲಿ ಇಟ್ಟುಕೊಂಡು, ಬೆಳಗಾದ ಮೇಲೆ ಅದರಿಂದ ಸಕ್ಕರೆ ಮಾಡುತ್ತವೆ. ಇದರಿಂದಲೇ ರಾತ್ರಿ ಆಕ್ಸಿಜನ್ ಅನ್ನುವ ಮಾತು ಹುಟ್ಟಿರಬೇಕು. ಆದರೆ ಆಕ್ಸಿಜನ್ ಬರಬೇಕಾದರೆ ನೀರು ಒಡೆಯಬೇಕು, ನೀರು ಒಡೆಯಲು ಬೆಳಕು ಬೇಕು. ಕತ್ತಲಲ್ಲಿ ಯಾವ ಗಿಡವೂ ಆಕ್ಸಿಜನ್ ತಯಾರಿಸುವುದಿಲ್ಲ. ಚಂದಕ್ಕೆ ಇಡಿ, ಹೆದರದೆ ಇಡಿ. ಆಕ್ಸಿಜನ್ನಿಗೆ ಅಂತ ಜಾಸ್ತಿ ದುಡ್ಡು ಕೊಡುವುದು ಬೇಡ.

## ತೂಕ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು

ಈಗಿನ ಬೆಲ್ಜಿಯಂನ ವಾನ್ ಹೆಲ್ಮಾಂಟ್ ಅನ್ನುವವರು 200 ಪೌಂಡ್ ಒಣ ಮಣ್ಣಿನಲ್ಲಿ 5 ಪೌಂಡಿನ ವಿಲ್ಲೋ ಸಸಿ ನೆಟ್ಟು ಐದು ವರ್ಷ ಬರೀ ನೀರು ಹಾಕಿದರು. ಮರ 169 ಪೌಂಡ್ ಆಯಿತು. ಮಣ್ಣು ಕಳೆದುಕೊಂಡದ್ದು ಸುಮಾರು 2 ಔನ್ಸ್. ತೂಕವೆಲ್ಲ ನೀರಿನಿಂದ ಬಂತು ಅಂತ ಅವರು ತಿಳಿದರು. ಅವರ ಈ ಬರಹ 1648ರಲ್ಲಿ ಅಚ್ಚಾಯಿತು. ಅವರಿಗೆ ಗೊತ್ತಾಗದೆ ಉಳಿದದ್ದು ಗಾಳಿಯ ಪಾಲು. ಒಣಗಿದ ಮರದ ತೂಕದಲ್ಲಿ ಬಹುಪಾಲು ಇಂಗಾಲದ ಡೈ ಆಕ್ಸೈಡಿನಿಂದ ಬಂದದ್ದು.

ನಾವು ತೂಕ ಇಳಿಸಿಕೊಂಡಾಗ ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತದೆ? ಬೆವರಾಗಿ ಅನ್ನುವವರೇ ಜಾಸ್ತಿ. ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು 2014ರಲ್ಲಿ ಲೆಕ್ಕ ಹಾಕಿ ತೋರಿಸಿದರು. 10 ಕೆಜಿ ಕೊಬ್ಬು ಪೂರ್ತಿ ಕರಗಿದರೆ 8.4 ಕೆಜಿ ಇಂಗಾಲದ ಡೈ ಆಕ್ಸೈಡ್ ಆಗಿ ಉಸಿರಿನಲ್ಲಿ ಹೋಗುತ್ತದೆ, 1.6 ಕೆಜಿ ಮಾತ್ರ ನೀರಾಗುತ್ತದೆ. ಎಲೆ ಗಾಳಿಯಿಂದ ಹಿಡಿದ ಇಂಗಾಲ ನಮ್ಮ ಮೂಗಿನಿಂದ ಮತ್ತೆ ಗಾಳಿಗೆ ಸೇರುತ್ತದೆ.

ಮೊಳಕೆ ಕಾಳಿಗೂ ಇದೇ ಲೆಕ್ಕ. ಗಂಟಿನೊಳಗೆ ಬೆಳಕಿಲ್ಲ. ತಾಯಿಗಿಡ ಬೀಜದಲ್ಲಿ ಇಟ್ಟು ಕಳಿಸಿದ ಪಿಷ್ಟವನ್ನೇ ಮುರಿದು ಅದು ಬೇರು ಚಾಚುತ್ತದೆ. ನೀರು ಕುಡಿದು ಉಬ್ಬಿದ್ದರಿಂದ ನೋಡುವುದಕ್ಕೆ ದೊಡ್ಡದಾಗಿದೆ ಅಷ್ಟೇ. ಒಣಗಿಸಿ ತೂಗಿದರೆ ಮೊದಲಿನ ಕಾಳಿಗಿಂತ ಹಗುರ. ಎರಡು ಕಾಳನ್ನು ತೆಗೆದು ಕುಂಡದ ಮಣ್ಣಿಗೆ ಊರಿ ನೋಡಿ. ಬೇಳೆಗಳೆರಡು ಮಣ್ಣಿನಿಂದ ಮೇಲೆದ್ದು, ನಡುವಿನಿಂದ ಎಲೆ ಬಿಚ್ಚಿ, ಬಿಸಿಲಿಗೆ ಹಸಿರಾಗುತ್ತವೆ. ಆ ಎಲೆ ಸಾಕಷ್ಟು ಸಕ್ಕರೆ ಕಟ್ಟುವ ದಿನದವರೆಗೂ ಸಸಿಯ ಒಣತೂಕ ಇಳಿಯುತ್ತಲೇ ಇರುತ್ತದೆ. ಏರಲು ಶುರುವಾಗುವುದು ಅಲ್ಲಿಂದ. ಅಷ್ಟು ಹೊತ್ತಿಗೆ ಬೇಳೆಗಳು ಸುಕ್ಕಾಗಿ ಉದುರಿರುತ್ತವೆ.